ತಪ್ಪು ಟೀಚರಿಗೆ ಬೇಕಿದ್ದ ಹದಿನೇಳು ಅಂಕ

ನಮ್ಮ ಮೇಲಿನ ಮನೆಯ ಟೀಚರನ್ನು ಶಾಲೆಯ ಮಕ್ಕಳೆಲ್ಲ ‘ತಪ್ಪು ಟೀಚರ್’ ಎಂದೇ ಕರೆಯುತ್ತಾರೆ. ಅದರಲ್ಲಿ ಕುಹಕವಿಲ್ಲ, ಹೆಮ್ಮೆಯಿದೆ. ಅದು ನನಗೆ ಅರ್ಥವಾದದ್ದು ಮಾತ್ರ ನಿಧಾನವಾಗಿ. ಮಗಳು ಮೂರನೇ ತರಗತಿಗೆ ಹೋದ ಮೊದಲ ದಿನ ಮನೆಗೆ ಓಡಿಬಂದು, ಚೀಲವನ್ನು ಒಂದು ಕಡೆ, ಬೂಟುಗಳನ್ನು ಎರಡು ಕಡೆ ಎಸೆದು, “ಅಮ್ಮಾ, ನಂಗೆ ತಪ್ಪು ಟೀಚರ್ ಸಿಕ್ಕಿದ್ರು!” ಎಂದು ಕುಣಿದಳು.

ನನಗೆ ಗಾಬರಿ. “ಮತ್ತೆ ಸರಿ ಟೀಚರ್ ಯಾವ ಕ್ಲಾಸಿಗೆ ಹೋದ್ರು?”

“ಅಯ್ಯೋ, ನಿಂಗೇನೂ ಗೊತ್ತಿಲ್ಲ ಬಿಡು,” ಎಂದು ಅವಳು ಹಣೆ ಬಡಿದುಕೊಂಡಳು.

ಗೊತ್ತಾದದ್ದು ಇಷ್ಟು. ಟೀಚರ್ ಪ್ರತಿದಿನ ಬೋರ್ಡಿನ ಮೇಲೆ ಬೇಕೆಂದೇ ಮೂರು ತಪ್ಪುಗಳನ್ನು ಅಡಗಿಸಿಡುತ್ತಾರೆ. ಒಂದು ಲೆಕ್ಕದಲ್ಲಿ, ಒಂದು ಕಾಗುಣಿತದಲ್ಲಿ, ಇನ್ನೊಂದು ಎಲ್ಲಿ ಬೇಕಾದರೂ. ಅವಕ್ಕೆ ಮಕ್ಕಳು ಇಟ್ಟ ಹೆಸರು ‘ಕಳ್ಳ ತಪ್ಪು’. ಹಿಡಿದವರು ಎದ್ದುನಿಂತು “ತಪ್ಪು” ಎಂದು ಕಿರುಚುವಂತಿಲ್ಲ. “ನಂಗೆ ಹಾಗನ್ನಿಸ್ತಿಲ್ಲ ಟೀಚರ್” ಎನ್ನಬೇಕು, ಆಮೇಲೆ ಯಾಕೆ ಹಾಗನ್ನಿಸುತ್ತಿಲ್ಲ ಎಂದು ತೋರಿಸಬೇಕು. ತೋರಿಸಿದರೆ ಗೋಡೆಯ ಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಕೆಂಪು ಚುಕ್ಕೆ. ಮೂವರು ಕಳ್ಳರೂ ಸಿಕ್ಕಿಬಿದ್ದ ಮೇಲೆಯೇ ಬೋರ್ಡಿನದು ನೋಟ್‌ಬುಕ್ಕಿಗೆ ಇಳಿಯುವುದು. ಅಲ್ಲಿಯವರೆಗೆ ಪೆನ್ಸಿಲು ಮುಟ್ಟುವ ಹಾಗಿಲ್ಲ. ಈ ಕೊನೆಯ ನಿಯಮ ಕೇಳಿದ ಮೇಲೆ ನನ್ನ ಜೀವಕ್ಕೆ ಸಮಾಧಾನವಾಯಿತು. ತಾಯಿಯಾದವಳಿಗೆ ನೋಟ್‌ಬುಕ್ಕಿನ ಚಿಂತೆ ಇದ್ದೇ ಇರುತ್ತದೆ.

ಹೀಗೇಕೆ ಮಾಡುತ್ತೀರಿ ಎಂದು ಒಮ್ಮೆ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಕೇಳಿದೆ. ಟೀಚರ್ ನಲವತ್ತು ದಾಟಿದವರು, ಎತ್ತರದ ಆಳು, ನಡೆಯುವುದೆಂದರೆ ಅರ್ಧ ಓಟ. ಮೆಟ್ಟಿಲನ್ನು ಒಂದೊಂದಾಗಿ ಹತ್ತಿದ್ದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ಅಪ್ಪ ದರ್ಜಿ, ಈಗ ಕಣ್ಣು ಮಂಜಾಗಿ ಮನೆಯಲ್ಲೇ ಇದ್ದಾರೆ. ಅಪ್ಪನ ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂತು ಓದಿ ಟೀಚರಾದವರು ಇವರು.

“ಕೆಲಸಕ್ಕೆ ಸೇರಿದ ಮೊದಲ ವರ್ಷ,” ಎಂದರು, ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡು. “ಏಳೆಂಟ್ಲ ಐವತ್ತನಾಲ್ಕು ಅಂತ ಬರೆದುಬಿಟ್ಟೆ. ಏನೋ ಧ್ಯಾನದಲ್ಲಿ. ಸಂಜೆ ನೋಟ್‌ಬುಕ್ ತಿದ್ದೋಕೆ ಕೂತ್ರೆ ನಲವತ್ತು ಪುಸ್ತಕದಲ್ಲೂ ಐವತ್ತನಾಲ್ಕು. ನಲವತ್ತಕ್ಕೆ ನಲವತ್ತು! ಆ ಮಕ್ಕಳಿಗೆ ಮಗ್ಗಿ ಬರ್ತಿರಲಿಲ್ಲ ಅಂದ್ಕೊಂಡ್ರಾ? ಬೆಳಿಗ್ಗೆ ತಾನೇ ಒಪ್ಪಿಸಿದ್ರು, ಏಳೆಂಟ್ಲ ಐವತ್ತಾರು ಅಂತ. ಆದ್ರೂ ಒಬ್ಬರೂ ಸೊಲ್ಲೆತ್ತಲಿಲ್ಲ. ಟೀಚರ್ ಬರೆದ್ರಲ್ಲ, ಮುಗೀತು. ನನ್ನ ತಪ್ಪಿಗೆ ನಂಗೆ ನಾಚಿಕೆ ಆಯ್ತು, ಆದ್ರೆ ಅವರ ಐವತ್ತನಾಲ್ಕು ನೋಡಿ ಭಯ ಆಯ್ತು.”

ಆ ಭಯಕ್ಕೆ ಅವರು ಕಂಡುಕೊಂಡ ಮದ್ದೇ ಕಳ್ಳ ತಪ್ಪು. ಇಪ್ಪತ್ತು ವರ್ಷಗಳಿಂದ ಅದೇ ನಡೆಯುತ್ತಿದೆ. ಮುಗಿಯದ ಮಕ್ಕಳ ಸಾಲು, ಮುಗಿಯದ ಕೆಂಪು ಚುಕ್ಕೆ.

ಈ ವರ್ಷ ಇಲಾಖೆಯವರು ಶಿಕ್ಷಕರ ಕೆಲಸವನ್ನು ಅಳೆಯಲು ಹೊಸ ನಮೂನೆ ತಂದರು. ಒಂದೇ ಹಾಳೆ, ಐದು ಕಾಲಂ, ಒಂದೊಂದಕ್ಕೆ ಐದು ಅಂಕ. ವಿಷಯ ಜ್ಞಾನ, ಮಕ್ಕಳ ಭಾಗವಹಿಸುವಿಕೆ, ಸಮಯಪಾಲನೆ, ಶಿಸ್ತು, ಸ್ವಂತ ಕೆಲಸದ ಅರಿವು. ಇಪ್ಪತ್ತೈದಕ್ಕೆ ಹದಿನೇಳು ಬಂದರೆ ಪಾಸು. ಕಡಿಮೆ ಬಂದರೆ ತಿಂಗಳೊಳಗೆ ಮರುಪರಿಶೀಲನೆ. ಅಲ್ಲೂ ಕಡಿಮೆಯಾದರೆ ತರಗತಿ ಬಿಡಿಸಿ ಕಡತದ ಕೋಣೆಗೆ ಹಾಕುತ್ತಾರೆ. ಶಾಲೆಯ ಕೆಳಗಿನ ಮಹಡಿಯಲ್ಲಿ, ಮೆಟ್ಟಿಲಿನ ಅಡಿಯಲ್ಲಿ ಆ ಕೋಣೆಯಿದೆ. ಹಳೆಯ ಹಾಜರಿ ಪುಸ್ತಕಗಳಿಗೆ ನಂಬರು ಹಾಕುತ್ತ ಕೂರುವ ಕೆಲಸ.

ಮೊದಲ ಸಲ ಬಂದ ಅಧಿಕಾರಿಗೆ ಆ ದಿನ ಇನ್ನೂ ಎರಡು ಶಾಲೆ ನೋಡುವುದಿತ್ತು. ಪಾಠದ ಶುರುವಿಗೆ ಬಂದು ಹದಿನೈದು ನಿಮಿಷ ಕೂತರು. ಮಕ್ಕಳು ಅಪರಿಚಿತರ ಮುಂದೆ ಇನ್ನೂ ಬಾಯಿ ಬಿಡದೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದ ಹೊತ್ತದು. ಅಧಿಕಾರಿ ಬೋರ್ಡಿನ ಮೇಲೆ ಮೂರು ತಪ್ಪು ಎಣಿಸಿದರು, ಫೋನು ತೆಗೆದು ಫೋಟೋ ಹೊಡೆದರು, ಎದ್ದು ಹೋದರು. ಅವರು ಗೇಟು ದಾಟುವಷ್ಟರಲ್ಲಿ ಮಕ್ಕಳು ಮೂರನ್ನೂ ಹಿಡಿದಿದ್ದರಂತೆ. ಟೀಚರ್ ಅಧಿಕಾರಿಯ ಹಿಂದೆಯೇ ಓಡಿ, “ಸಾರ್, ಅದು ಬೇಕಂತ ಬರೆದದ್ದು,” ಎಂದರೆ ಆತ ಕಾರಿನ ಬಾಗಿಲು ಹಿಡಿದುಕೊಂಡೇ, “ಬೇಕಂತ ಅನ್ನೋ ಕಾಲಂ ನಮ್ಮ ಫಾರಮ್ಮಿನಲ್ಲಿಲ್ಲಮ್ಮ,” ಎಂದರು. ಒಟ್ಟು ಅಂಕ ಹನ್ನೊಂದು.

ಆ ಫೋಟೋ ಅದು ಹೇಗೋ ಪೋಷಕರ ಫೋನಿನ ಗುಂಪಿಗೆ ಬಂದುಬಿಟ್ಟಿತು. ನೋಡಬೇಕಿತ್ತು ಆ ಸಂಜೆ! ‘ಇವರಾ ನಮ್ಮ ಮಕ್ಕಳಿಗೆ ಪಾಠ ಹೇಳೋದು?’ ಎಂದು ಒಬ್ಬರು. ‘ನಮ್ಮನೆ ಐದು ವರ್ಷದ್ದು ಇದಕ್ಕಿಂತ ಚೆನ್ನಾಗಿ ಬರೆಯತ್ತೆ’ ಎಂದು ಇನ್ನೊಬ್ಬರು. ನಾನು ಕಳ್ಳ ತಪ್ಪಿನ ಕತೆಯನ್ನೆಲ್ಲ ಉದ್ದಕ್ಕೆ ಬರೆದು ಹಾಕಿದೆ. ಅದಕ್ಕೆ ಬಂದ ಉತ್ತರ ಒಂದೇ ಒಂದು ಹೆಬ್ಬೆರಳಿನ ಚಿತ್ರ. ಅದನ್ನು ಒತ್ತಿದವರೂ ನನ್ನ ಯಜಮಾನರೇ.

ಮರುಪರಿಶೀಲನೆಯ ದಿನ ಪೋಷಕರ ಪರವಾಗಿ ಒಬ್ಬರು ತರಗತಿಯಲ್ಲಿ ಕೂರಬೇಕೆಂಬ ನಿಯಮವಿತ್ತು. ಗುಂಪಿನಲ್ಲಿ ಅಷ್ಟು ಹಾರಾಡಿದವರಿಗೆಲ್ಲ ಆ ಬುಧವಾರವೇ ಕೆಲಸ. ಕೊನೆಗೆ ಹೆಡ್ ಮಾಸ್ಟರು ನನಗೆ ಫೋನು ಮಾಡಿದರು. “ನೀವು ಹೇಗೂ ಮನೇಲೇ ಇರ್ತೀರಲ್ಲಮ್ಮ.”

ಮನೆಯಲ್ಲೇ ಇರುವುದಂತೆ! ಎಂಟು ತಿಂಗಳ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಒಂದು ದಿನ ಇದ್ದು ನೋಡಲಿ ಎಂದು ಬಾಯಿತುದಿಗೆ ಬಂತು. ನುಂಗಿಕೊಂಡೆ. “ಕೂಸನ್ನ ಕರ್ಕೊಂಡೇ ಬರಬೇಕಾಗತ್ತೆ ಸಾರ್.”

“ಕರ್ಕೊಂಡು ಬನ್ನಿ. ಪಾಸಾದ್ರೆ ಅವನಿಗೂ ಅಡ್ಮಿಷನ್ ಕೊಡೋಣ.”

ಹಿಂದಿನ ದಿನ ಸಂಜೆ ಟೀಚರ್ ಮೆಟ್ಟಿಲಿನಲ್ಲಿ ಎದುರಾದರು. ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ನನಗೆ ಅಲ್ಲೇ ಕಳವಳವಾಯಿತು.

“ನಾಳೆ ಒಂದೂ ಹಾಕಲ್ಲ,” ಎಂದರು. “ಹೆಡ್ ಮಾಸ್ಟರು ಕೈ ಮುಗಿದು ಕೇಳ್ಕೊಂಡ್ರು. ಇದೊಂದು ದಿನ ಬೋರ್ಡು ಶುದ್ಧವಾಗಿರಲಿ ಅಂತ. ನಂಗೂ ಸಾಕಾಗಿದೆ. ಆ ಮೆಟ್ಟಿಲಿನ ಕೆಳಗಿನ ಕೋಣೇಲಿ ಕಿಟಕಿ ಇಲ್ಲ, ನೋಡಿದ್ದೀರಾ?”

“ಮಕ್ಕಳು ಹುಡುಕೋದು ಬಿಡ್ತಾರಾ?”

“ಹುಡುಕಲಿ. ಇದ್ರೆ ತಾನೇ ಸಿಗೋದು!” ಎಂದು ನಕ್ಕರು. ಆ ನಗೆಯಲ್ಲಿ ಬಣ್ಣವಿರಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಕೂಸಿಗೆ ಹಾಲು ಕುಡಿಸಿ, ಚೀಲಕ್ಕೆ ಮೂರು ಲಂಗೋಟಿ, ಒಂದು ಗಿಲಕಿ, ಒಂದು ಪೆನ್ನು ತುರುಕಿಕೊಂಡು ಶಾಲೆಗೆ ಓಡಿದೆ. ಗಿಲಕಿಯನ್ನು ಗೇಟಿನಲ್ಲೇ ಕಾವಲಿನವನ ಕೈಗೆ ಕೊಟ್ಟೆ. ಸದ್ದು ಮಾಡಿದರೆ ಶಿಸ್ತಿನ ಕಾಲಂಗೆ ಏಟು ಎಂದು ಹೊಳೆದದ್ದೇ ಅಲ್ಲಿ.

ಈ ಸಲ ಬಂದವರು ಒಬ್ಬ ಮೌಲ್ಯಮಾಪಕಿ. ಕುಳ್ಳಗೆ, ಬಿಗಿದ ತುಟಿ, ಕೊರಳಲ್ಲಿ ತೂಗುವ ಕನ್ನಡಕ. ಒಳಗೆ ಬಂದವರೇ ಫೋನನ್ನು ಆರಿಸಿ ಕೈಚೀಲಕ್ಕೆ ಹಾಕಿ, “ನಲವತ್ತೈದು ನಿಮಿಷಾನೂ ಕೂರ್ತೀನಿ,” ಎಂದರು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ನನಗೆ ಗೊತ್ತಾಗಲಿಲ್ಲ. ಹಿಂದಿನ ಬೆಂಚಿನಲ್ಲಿ ಅವರು, ಪಕ್ಕದಲ್ಲಿ ಹೆಡ್ ಮಾಸ್ಟರು, ಆ ತುದಿಗೆ ಮಂಡಿ ಗಲ್ಲಕ್ಕೆ ತಾಗುವಂತೆ ನಾನು, ನನ್ನ ತೊಡೆಯ ಮೇಲೆ ಕೂಸು. ನನ್ನ ಕೈಗೂ ಒಂದು ಚೀಟಿ ಕೊಟ್ಟಿದ್ದರು. ಅದರಲ್ಲಿ ಒಂದೇ ಪ್ರಶ್ನೆ: ‘ಶಿಕ್ಷಕರು ಪಾಠದಲ್ಲಿ ತಪ್ಪು ಮಾಡಿದರೇ? ಹೌದು / ಇಲ್ಲ.’

ಟೀಚರ್ ಬೋರ್ಡಿನ ಮೂಲೆಯಲ್ಲಿ ವಾರ ಬರೆದರು, ಹಾಜರಿ ಮೂವತ್ತಾರು ಎಂದು ಬರೆದರು, ನಡುವೆ ದೊಡ್ಡದಾಗಿ ‘ಲೇಖನ ಚಿನ್ಹೆಗಳು’ ಎಂದು ಬರೆದು ಕೆಳಗೆ ಗೆರೆ ಎಳೆದರು. ಅದರಡಿಯಲ್ಲಿ ಒಂದೇ ವಾಕ್ಯ ಮೂರು ಸಲ: ನೀನು ಬಂದೆ. ನೀನು ಬಂದೆ? ನೀನು ಬಂದೆ!

“ಇವು ಮೂರೂ ಒಂದೇನಾ?” ಎಂದು ಕೇಳಿದರು.

ಮೂವತ್ತಾರು ಜೊತೆ ಕಣ್ಣುಗಳು ಬೋರ್ಡನ್ನು ಮೇಲಿಂದ ಕೆಳಕ್ಕೆ ಬಾಚುತ್ತಿದ್ದವು. ಒಬ್ಬ ಹುಡುಗ ಎದ್ದ. “ನಂಗೆ ಹಾಗನ್ನಿಸ್ತಿಲ್ಲ ಟೀಚರ್. ಇವತ್ತು ಮಂಗಳವಾರ.”

“ಅಲ್ಲ ಕಣೋ, ನಿನ್ನೆ ಆಟದ ಪೀರಿಯಡ್ ಇತ್ತಲ್ಲ, ಅದು ಮಂಗಳವಾರ,” ಎಂದಳು ನನ್ನ ಮಗಳು. ಹುಡುಗ ಕೂತ.

“ಇವತ್ತು ಕಳ್ಳರಿಲ್ಲ ಮಕ್ಕಳೇ,” ಎಂದರು ಟೀಚರ್ ಮೆಲ್ಲಗೆ. “ಪಾಠ ಕೇಳಿ.”

ಕಳ್ಳರಿಲ್ಲ ಎಂದರೆ ನಂಬುವವರು ಯಾರು? ಹಾಗೆ ಹೇಳುವುದೇ ಹೊಸ ತಂತ್ರವೆಂದು ಅವರಿಗೆ ಇನ್ನಷ್ಟು ಹುರುಪು ಬಂತು. ಒಬ್ಬಳು ಎದ್ದು ಹಾಜರಿ ಎಣಿಸಲು ಶುರುಮಾಡಿದಳು. ಬೆಂಚಿನಿಂದ ಬೆಂಚಿಗೆ ಬೆರಳು ಆಡಿಸುತ್ತ ಹಿಂದಕ್ಕೆ ಬಂದು, “ಮೂವತ್ತೇಳು! ಟೀಚರ್, ಮೂವತ್ತೇಳು!” ಎಂದು ಚೀರಿದಳು. ಅವಳ ಬೆರಳು ನನ್ನ ಕೂಸಿನ ಮೂಗಿನ ಮೇಲೆ ನಿಂತಿತ್ತು.

ಅಲ್ಲಿಂದ ಶುರುವಾಯಿತು ಗದ್ದಲ.

“ಪಾಪು ಲೆಕ್ಕಕ್ಕಿಲ್ಲ!”

“ಯಾಕಿಲ್ಲ? ತರಗತೀಲಿ ಇದ್ದಾನಲ್ಲ!”

“ಹೆಸರು ಕರೆದಾಗ ಹಾಜರ್ ಅಂದನಾ?”

“ಅವನಿಗೆ ಮಾತೇ ಬರಲ್ಲ!”

“ಹಂಗಾದ್ರೆ ಮೂರನೇ ಕ್ಲಾಸಿಗೆ ಹೆಂಗೆ ಬಂದ?”

ಹೆಡ್ ಮಾಸ್ಟರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಮೌಲ್ಯಮಾಪಕಿ ಏನೋ ಬರೆದುಕೊಂಡರು. ನಾನು ಕೂಸನ್ನು ಶಾಲಿನಲ್ಲಿ ಮುಚ್ಚಿಟ್ಟುಕೊಂಡೆ, ಹಾಜರಿಯಿಂದ ತೆಗೆದುಹಾಕುವಂತೆ. ಟೀಚರ್ ಮಾತ್ರ ಬಾಗಿ, “ಪಟ್ಟಿಯಲ್ಲಿ ಹೆಸರಿರಬೇಕಲ್ವಾ? ನೋಡಿ ಹೇಳು,” ಎಂದು ಹಾಜರಿ ಪುಸ್ತಕವನ್ನೇ ಆ ಹುಡುಗಿಯ ಕೈಗೆ ಕೊಟ್ಟರು. ಅವಳು ಬೆರಳಿಟ್ಟು ಓದಿ, “ಇಲ್ಲ, ಸರಿಯಾಗೇ ಇದೆ, ಮೂವತ್ತಾರೇ,” ಎಂದು ಸೋತ ಮುಖದಲ್ಲಿ ಹೋಗಿ ಕೂತಳು. ಗಡಿಯಾರದಲ್ಲಿ ಹನ್ನೆರಡು ನಿಮಿಷ ಹೋಗಿತ್ತು.

ಆಮೇಲೆ ಪಾಠ ಸ್ವಲ್ಪ ಹಳಿಗೆ ಬಂತು. ಪೂರ್ಣವಿರಾಮ ಆಯಿತು. ಪ್ರಶ್ನಾರ್ಥಕ ಶುರುವಾಯಿತು. ಟೀಚರ್ ಒಬ್ಬಳನ್ನು ಬಾಗಿಲ ಹೊರಗೆ ಕಳಿಸಿ ಒಳಗೆ ಕರೆದು, “ನೀನು ಬಂದೆ?” ಎಂದು ಹುಬ್ಬೇರಿಸಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ಜೀವ ಬಂದಂತಾಯಿತು. ಹೀಗೇ ಹೋದರೆ ದಾಟಿಬಿಡುತ್ತಾರೆ ಎಂದುಕೊಂಡೆ.

ಅಷ್ಟರಲ್ಲಿ ಎದ್ದಳು ‘ಲಾಯರ್’.

ಮುಂದಿನ ಬೆಂಚಿನ ಆ ಹುಡುಗಿಗೆ ಆ ಹೆಸರಿಟ್ಟವಳು ನನ್ನ ಮಗಳೇ. ಮೇಲಿನ ಎರಡು ಹಲ್ಲು ಬಿದ್ದಿವೆ, ಮಾತಾಡಿದರೆ ಗಾಳಿ. ಆದರೆ ವಾದಕ್ಕಿಳಿದರೆ ಯಾರೂ ಗೆದ್ದದ್ದಿಲ್ಲ. “ನಂಗೆ ಹಾಗನ್ನಿಸ್ತಿಲ್ಲ ಟೀಚರ್,” ಎಂದಳು. “ಚಿನ್ಹೆ ಅಲ್ಲ. ನ-ಕ್ಕೆ ಹ ಒತ್ತು ಕೊಟ್ಟಿದ್ದೀರಿ. ಹ-ಕ್ಕೆ ನ ಒತ್ತು ಬರಬೇಕು. ಹ ಮೇಲೆ, ನ ಕೆಳಗೆ.”

ಟೀಚರ್ ತಿರುಗಿ ಬೋರ್ಡು ನೋಡಿದರು. ನಾನೂ ನೋಡಿದೆ. ನನ್ನಾಣೆ, ನನಗೆ ಅದರಲ್ಲಿ ತಪ್ಪೇನೂ ಕಾಣಿಸಲಿಲ್ಲ. ಚಿನ್ಹೆ. ನಾಲಿಗೆ ಹೇಳುವುದೂ ಹಾಗೇ ಅಲ್ಲವೇ? ಮೊದಲು ನ, ಆಮೇಲೆ ಹ. ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದೆ. ಹೆಡ್ ಮಾಸ್ಟರು ಅಂಗೈ ಮೇಲೆ ಬೆರಳಿನಿಂದ ಬರೆದು ಬರೆದು ನೋಡಿಕೊಳ್ಳುತ್ತಿದ್ದರು. ಮೌಲ್ಯಮಾಪಕಿ ತಮ್ಮ ಹಾಳೆಯ ಅಂಚಿನಲ್ಲಿ ಎರಡೂ ರೀತಿ ಬರೆದು, ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡುತ್ತಿದ್ದರು. ಬೆಂಚಿನ ತುಂಬ ದೊಡ್ಡವರು, ಒಬ್ಬರಿಗೂ ಖಾತ್ರಿಯಿಲ್ಲ!

ನನ್ನ ಮಗಳು ಎದ್ದಳು. “ಲಾಯರ್ ಹೇಳಿದ್ದು ತಪ್ಪು. ಟೀಚರ್ ಬರೆದಿರೋದೇ ಸರಿ. ನಮ್ಮಮ್ಮ ಡೈರಿಲಿ ಹಂಗೇ ಬರೀತಾರೆ. ನಾನು ನೋಡಿದ್ದೀನಿ.”

ಮೂವತ್ತಾರು ತಲೆಗಳು ನನ್ನ ಕಡೆ ತಿರುಗಿದವು. ಬೆಂಚಿನಡಿ ಹೊಕ್ಕುಬಿಡೋಣ ಎನ್ನಿಸಿತು.

“ತೋರಿಸು,” ಎಂದರು ಟೀಚರ್, ಲಾಯರ್ ಕಡೆ ನೋಡಿ.

ಲಾಯರ್ ಪಠ್ಯಪುಸ್ತಕ ಬಿಡಿಸಿ ಎತ್ತಿಹಿಡಿದಳು. “ಇಲ್ಲಿ ನೋಡಿ, ಪಾಠದ ಹೆಸರು. ಚಿಹ್ನೆ.”

“ಪುಸ್ತಕದಲ್ಲೂ ತಪ್ಪಿರಬಹುದು!” ಎಂದ ಕಿಟಕಿ ಪಕ್ಕದ ಹುಡುಗ. “ಟೀಚರೇ ಹೇಳಿದ್ದಾರಲ್ಲ, ಅಚ್ಚಾಗಿದ್ದೆಲ್ಲ ಸರಿ ಅಲ್ಲ ಅಂತ.”

“ಹೌದು, ಇನ್ನೊಂದು ಕಡೆಯಿಂದ ತೋರಿಸ್ಬೇಕು.”

“ವರಾಂಡದಲ್ಲಿ ರಸ್ತೆ ನಿಯಮದ ಪಟ ಇದೆಯಲ್ಲ! ಅದರಲ್ಲೂ ಆ ಪದ ಇದೆ!”

ಟೀಚರ್ ಹಿಂದಿನ ಬೆಂಚಿನ ಕಡೆ ನೋಡಿದರು. ತರಗತಿ ಬಿಟ್ಟು ಮಕ್ಕಳನ್ನು ಕಳಿಸಿದರೆ ಶಿಸ್ತಿನ ಗತಿಯೇನು ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ಮೌಲ್ಯಮಾಪಕಿ ಮುಖ ಎತ್ತದೆಯೇ, “ಹೋಗಿ ನೋಡ್ಕೊಂಡು ಬರಲಿ,” ಎಂದರು. ಅವರಿಗೂ ತಿಳಿದುಕೊಳ್ಳಬೇಕಿತ್ತು ಎಂದು ನನ್ನ ಅನುಮಾನ.

ಪರವಾಗಿ ಒಬ್ಬಳು, ವಿರೋಧವಾಗಿ ಒಬ್ಬಳು ಎಂದು ಲಾಯರ್ ಮತ್ತು ನನ್ನ ಮಗಳು ಹೊರಟರು. ವರಾಂಡದಲ್ಲಿ ದಬದಬ ಓಡಿದ ಸದ್ದು. ಒಳಗೆ ಎಲ್ಲರೂ ಬಾಗಿಲನ್ನೇ ನೋಡುತ್ತಿದ್ದರು. ಕೂಸು ಮಾತ್ರ ನನ್ನ ಪೆನ್ನಿನ ಮುಚ್ಚಳ ಚೀಪುತ್ತಿತ್ತು. ಮತ್ತೆ ದಬದಬ. ಮಗಳು ಮುಂದೆ ಬಂದಳು, ಏದುಸಿರು ಬಿಡುತ್ತ. ಮುಖ ಸಪ್ಪಗಿತ್ತು.

“ಹ ಮೇಲೆ, ನ ಕೆಳಗೆ,” ಎಂದಳು. “ಅಮ್ಮಂದು ತಪ್ಪು.”

“ಸಿಕ್ಕಿದ ಕಳ್ಳ!” ಎಂದು ಇಡೀ ತರಗತಿ ಎದ್ದು ಕುಣಿಯಿತು. ಡೆಸ್ಕುಗಳ ಮೇಲೆ ಡೋಲು. “ಇಷ್ಟು ಹೊತ್ತು ಅಡಗಿದ್ದ! ಅಬ್ಬಾ, ಎಷ್ಟು ದೊಡ್ಡ ಅಕ್ಷರದಲ್ಲಿ ಅಡಗಿದ್ದ!”

ಹೆಡ್ ಮಾಸ್ಟರ ಮುಖ ಅರಳಿತು. ಅವರು ಮೌಲ್ಯಮಾಪಕಿಯ ಕಡೆ ಬಾಗಿ, “ನೋಡಿದ್ರಾ ಮೇಡಂ, ಇದೇ ಅವರ ವಿಧಾನ. ಬೇಕಂತಲೇ ಒಂದೊಂದು ತಪ್ಪು ಇಡ್ತಾರೆ, ಮಕ್ಕಳು ಹಿಡೀತಾರೆ. ಹೋದ ಸಲ ಇದನ್ನೇ ತಪ್ಪು ತಿಳ್ಕೊಂಡದ್ದು,” ಎಂದರು. ಎಂಥ ಚೆಂದದ ದಾರಿ! ನಾನು ಮನಸ್ಸಿನಲ್ಲೇ ಹೆಡ್ ಮಾಸ್ಟರಿಗೆ ಶಹಬ್ಬಾಸ್ ಎಂದೆ. ಒಂದು ತಲೆಯಾಡಿಸಿದರೆ ಸಾಕು, ಟೀಚರ್ ದಾಟಿಬಿಡುತ್ತಿದ್ದರು.

ಮೌಲ್ಯಮಾಪಕಿ ಎದ್ದುನಿಂತರು. “ಇದನ್ನೂ ನೀವು ಬೇಕಂತಲೇ ಬರೆದಿದ್ದಾ?”

ಡೋಲು ನಿಂತಿತು. ಟೀಚರ್ ಸೀಮೆಸುಣ್ಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ನಾನು ಕಣ್ಣಲ್ಲೇ ಬೇಡಿಕೊಂಡೆ, ಹೂಂ ಅನ್ನಿ, ಹೂಂ ಅನ್ನಿ. ಅವರು ನನ್ನನ್ನು ನೋಡಲಿಲ್ಲ. ಲಾಯರ್ ಅನ್ನು ನೋಡುತ್ತಿದ್ದರು. ಅವಳು ಚುಕ್ಕೆಗಾಗಿ ಕಾಯುತ್ತ ಹಲ್ಲಿಲ್ಲದ ಬಾಯಿ ತೆರೆದು ನಿಂತಿದ್ದಳು.

“ಇಲ್ಲ ಮೇಡಂ,” ಎಂದರು ಟೀಚರ್. “ಇವತ್ತು ಒಂದೂ ಇಟ್ಟಿರಲಿಲ್ಲ. ಇದು ನಂದೇ ತಪ್ಪು. ನಾನು ಚಿಕ್ಕಂದಿನಿಂದ ಹೀಗೇ ಬರ್ಕೊಂಡು ಬಂದಿದ್ದೀನಿ. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಈಗ ಗೊತ್ತಾಯ್ತು.”

ಹೆಡ್ ಮಾಸ್ಟರು ಕಣ್ಣು ಮುಚ್ಚಿಕೊಂಡರು.

ಆಮೇಲೆ ಲಾಯರ್ ಕೇಳಿದಳು, “ನಿಜವಾದ್ದಾ ಟೀಚರ್?”

“ನಿಜವಾದ್ದು.”

“ಹಂಗಾದ್ರೆ ಒಂದು ಚುಕ್ಕೆ ಸಾಕಾಗಲ್ಲ. ಕಳ್ಳ ತಪ್ಪಿಗೆ ಒಂದು. ನಿಜವಾದ್ದಕ್ಕೆ ಎಷ್ಟು?”

ಮೌಲ್ಯಮಾಪಕಿ ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ನನಗೆ ಗೊತ್ತು, ಒಂದೇ ಬೆಂಚಿನಲ್ಲಿ ಇದ್ದೆನಲ್ಲ. ಟೀಚರ್ ಯೋಚಿಸಿ, “ಐದು,” ಎಂದರು. ಬೋರ್ಡಿನ ಅಕ್ಷರ ಒರೆಸಿ, ಹ ಬರೆದು ಅದರ ಕೆಳಗೆ ನಿಧಾನವಾಗಿ ನ ಒತ್ತು ಕೊಟ್ಟರು. ಮೊದಲ ಬಾರಿ ಬರೆಯುವವರ ಹಾಗೆ ಒಮ್ಮೆ ಹಿಂದೆ ಸರಿದು ನೋಡಿದರು. “ಈಗ ಬರ್ಕೊಳ್ಳಿ.” ಮೂವತ್ತಾರು ಪೆನ್ಸಿಲುಗಳು ಒಟ್ಟಿಗೆ ಇಳಿದವು. ಗಂಟೆ ಹೊಡೆಯಿತು. ಆಗಬೇಕಿದ್ದ ಐದು ಚಿಹ್ನೆಗಳಲ್ಲಿ ಎರಡು ಮಾತ್ರ ಆಗಿದ್ದವು.

ನನ್ನ ಕೈಯಲ್ಲಿ ಆ ಚೀಟಿ ಹಾಗೇ ಇತ್ತು. ‘ಶಿಕ್ಷಕರು ಪಾಠದಲ್ಲಿ ತಪ್ಪು ಮಾಡಿದರೇ?’ ಟೀಚರೇ ಒಪ್ಪಿಕೊಂಡ ಮೇಲೆ ನಾನು ‘ಇಲ್ಲ’ ಎಂದು ಗೀಚಲು ಮುಖವೆಲ್ಲಿದೆ? ‘ಹೌದು’ ಎಂದು ಗುರುತು ಹಾಕಿದೆ. ಹಾಕಿದ ಮೇಲೆ ಕೈ ತಡೆಯಲಿಲ್ಲ. ‘ಚೌಕದ ಹೊರಗೆ ಬರೆಯಬಾರದು’ ಎಂದು ಅಚ್ಚಾಗಿದ್ದ ಸಾಲಿನ ಮೇಲೆಯೇ ಬರೆದೆ: ‘ಒಂದು ತಪ್ಪು. ಮಕ್ಕಳು ಹಿಡಿದರು. ನಮ್ಮ ಮೂವರು ದೊಡ್ಡವರಿಗೆ ಹಿಡಿಯಲಾಗಲಿಲ್ಲ.’ ಸಹಿ ಮಾಡುವಷ್ಟರಲ್ಲಿ ಕೂಸು ಚೀಟಿಯ ಮೂಲೆಯನ್ನು ಬಾಯಿಗೆ ಹಾಕಿಕೊಂಡಿತ್ತು. ಒದ್ದೆಯಾದ ಚೀಟಿಯನ್ನೇ ಕೊಟ್ಟೆ.

ಅಂಕಗಳನ್ನು ಅದೇ ದಿನ ಶಿಕ್ಷಕರ ಎದುರಿಗೆ ಓದಿ ಹೇಳಿ ಎಲ್ಲರ ಸಹಿ ಪಡೆಯಬೇಕೆಂಬುದು ನಿಯಮ. ಹೆಡ್ ಮಾಸ್ಟರ ಕೋಣೆಯಲ್ಲಿ ಕೂತೆವು. ಟೀಚರ್ ಕೈಯಲ್ಲಿನ್ನೂ ಸೀಮೆಸುಣ್ಣದ ಪುಡಿ. ಮೌಲ್ಯಮಾಪಕಿ ಕನ್ನಡಕ ಏರಿಸಿದರು.

“ವಿಷಯ ಜ್ಞಾನ, ಮೂರು. ತಪ್ಪು ಆಗಿದೆ, ಬಿಡೋಕಾಗಲ್ಲ.”

ಟೀಚರ್ ತಲೆಯಾಡಿಸಿದರು.

“ಮಕ್ಕಳ ಭಾಗವಹಿಸುವಿಕೆ, ಐದು.”

ನಾನು ಮೇಜಿನ ಕೆಳಗೆ ಬೆರಳು ಮಡಚುತ್ತಿದ್ದೆ. ಎಂಟು.

“ಸಮಯಪಾಲನೆ, ಎರಡು. ಪಾಠ ಅರ್ಧ ಆಯ್ತು.” ಹತ್ತು. “ಶಿಸ್ತು, ಮೂರು. ಮೇಜು ಬಡಿಯೋದು ಒಂಚೂರು ಕಡಿಮೆ ಆಗ್ಬೇಕು.” ಹದಿಮೂರು.

ಉಳಿದದ್ದು ಒಂದೇ ಕಾಲಂ. ಹದಿನೇಳಾಗಲು ನಾಲ್ಕು ಬೇಕು. ನಾನು ಹೆಡ್ ಮಾಸ್ಟರ ಮುಖ ನೋಡಿದೆ. ಅವರ ಬೆರಳುಗಳೂ ಮಡಚಿದ್ದವು, ಮುಖ ಕಪ್ಪಿಟ್ಟಿತ್ತು. ಆ ‘ಸ್ವಂತ ಕೆಲಸದ ಅರಿವು’ ಎಂಬ ಕಾಲಂ ಏನೆಂದೇ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಎಲ್ಲರಿಗೂ ಕಣ್ಣುಮುಚ್ಚಿ ಮೂರು ಹಾಕಿ ಮುಂದೆ ಹೋಗುವುದು ವಾಡಿಕೆ ಎಂದು ಬೆಳಿಗ್ಗೆಯೇ ಅವರು ನನಗೆ ಹೇಳಿದ್ದರು. ಮೂರು ಹಾಕಿದರೆ ಹದಿನಾರು. ಒಂದೇ ಒಂದು ಅಂಕಕ್ಕೆ ಕಿಟಕಿಯಿಲ್ಲದ ಕೋಣೆ.

ಮೌಲ್ಯಮಾಪಕಿ ಓದಲಿಲ್ಲ. ಅಲ್ಲಿ ಇನ್ನೂ ಬರೆದೇ ಇರಲಿಲ್ಲ! ಪೆನ್ನನ್ನು ಆ ಚೌಕದ ಮೇಲೆ ಹಿಡಿದು ಕೂತರು. “ಇದನ್ನ ಹೇಗೆ ಅಳೀಬೇಕು ಅಂತ ನಮಗೆ ಕೊಟ್ಟ ಪುಸ್ತಕದಲ್ಲಿ ಒಂದು ಸಾಲಿದೆ,” ಎಂದರು. “ಶಿಕ್ಷಕರು ತಮ್ಮ ಕೊರತೆಯನ್ನು ತಾವೇ ಗುರುತಿಸಬಲ್ಲರೇ ಅಂತ. ನಾನು ಇಷ್ಟು ಜನರನ್ನ ನೋಡಿದ್ದೀನಿ. ಕೇಳಿದ್ರೆ ಎಲ್ಲರೂ ಒಂದೇ ಕೊರತೆ ಹೇಳ್ತಾರೆ, ‘ಸಮಯ ಸಾಕಾಗಲ್ಲ ಮೇಡಂ’ ಅಂತ. ನೀವು ಮೊದಲನೆಯವರು.” ಪೆನ್ನನ್ನು ಹಾಳೆಗೆ ತಾಗಿಸುತ್ತ ಸೇರಿಸಿದರು, “ಐದು ಕೊಡಲ್ಲ. ಐದು ನಾನು ನಂಗೇ ಕೊಟ್ಕೊಳ್ಳಲ್ಲ. ಇವತ್ತಿನ ತನಕ ನಾನೂ ನಿಮ್ಮ ಹಾಗೇ ಬರೀತಿದ್ದೆ.”

ಬರೆದರು. ನಾಲ್ಕು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಿದ್ದೆಗೆ ಜಾರಿದ್ದ ಕೂಸು ಬೆಚ್ಚಿ ಅಳತೊಡಗಿತು. ಹೆಡ್ ಮಾಸ್ಟರು “ಹದಿನೇಳು! ಹದಿನೇಳು ಕಣ್ರೀ!” ಎಂದು ಮೇಜು ಬಡಿದರು, ಶಿಸ್ತಿನ ಬಗ್ಗೆ ಆಗ ತಾನೇ ಕೇಳಿದ್ದನ್ನೂ ಮರೆತು. ಟೀಚರ್ ಮಾತ್ರ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಐದು ಸಂಖ್ಯೆಗಳನ್ನೂ ಮೇಲಿನಿಂದ ಕೂಡಿಸಿ, ಕೆಳಗಿನಿಂದ ಕೂಡಿಸಿ ನೋಡಿದರು.

“ಸರಿ ಇದೆಯಾ?” ಎಂದರು ಮೌಲ್ಯಮಾಪಕಿ.

“ಸರಿ ಇದೆ ಮೇಡಂ,” ಎಂದು ಸಹಿ ಹಾಕಿದರು. ಸಹಿ ಹಾಕಿ ಪೆನ್ನು ಕೆಳಗಿಟ್ಟ ಮೇಲೆ ಕಣ್ಣು ತುಂಬಿ ಬಂತು. ನಾನು ಚೀಲಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ಕೊಟ್ಟೆ. ಅದು ಲಂಗೋಟಿ. ಒಗೆದದ್ದೇ. ಅವರು ಅದರಲ್ಲೇ ಕಣ್ಣೊರೆಸಿಕೊಂಡು, ಅದೇನೆಂದು ಗೊತ್ತಾಗಿ, ಅಳುತ್ತಲೇ ನಕ್ಕರು.

“ಟೀಚರ್, ನಡೀರಿ ಮನೆಗೆ ಹೋಗೋಣ, ನಿಮ್ಮಪ್ಪನಿಗೆ ಹೇಳೋಣ,” ಎಂದೆ.

“ಅಪ್ಪನಿಗೆ ನೀವೇ ಹೇಳಿಬಿಡಿ. ನಂಗೆ ಇನ್ನೂ ಮೂರು ಚಿಹ್ನೆ ಬಾಕಿ ಇದೆ,” ಎಂದು ಅವರು ಆಗಲೇ ಬಾಗಿಲಲ್ಲಿದ್ದರು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ ಸದ್ದು ಕೇಳಿಸಿತು. ಆಮೇಲೆ ಮೇಲಿನ ಮಹಡಿಯಿಂದ ಮೂವತ್ತಾರು ಗಂಟಲುಗಳು ಒಮ್ಮೆಲೇ ಕೂಗಿಕೊಂಡದ್ದು ಅಂಗಳದವರೆಗೂ ಬಂತು:

“ನೀನು ಬಂದೆ!”